ಮ್ಯಾನೇಜರ್ ರಾಚಪ್ಪನ ಕಾಲ್ಗುಣ

ಹೊಳೆ ದಂಡೆಯಲ್ಲಿ ಒಬ್ಬ ಗುರು ಇದ್ದರು ಅಂದ ಕೂಡಲೇ ನೀವು ಗಡ್ಡ, ಜಟೆ, ಕಮಂಡಲ ಎಲ್ಲಾ ನೆನೆಸಿಕೊಳ್ಳುತ್ತೀರಿ. ಸ್ವಲ್ಪ ತಡೀರಿ. ಈ ಗುರುಗಳಿಗೆ ಗಡ್ಡವಿರಲಿಲ್ಲ. ಖಾಕಿ ಚಡ್ಡಿ ಇತ್ತು, ಕೊರಳಲ್ಲಿ ಸೀಟಿ ಇತ್ತು.

ಹೆಸರು ಚೆಲುವಯ್ಯ. ಸರ್ಕಾರಿ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ರಿಟೈರ್ ಆದಮೇಲೆ ಊರಾಚೆ ಹೊಳೆ ಪಕ್ಕ ಒಂದು ಹೆಂಚಿನ ಕೋಣೆ ಕಟ್ಟಿಕೊಂಡರು. ಮುಂದೊಂದು ಬಯಲು, ಬಯಲಿನ ಎರಡು ತುದಿಗೂ ಬೊಂಬಿನ ಗೋಲ್ ಕಂಬ. ಫುಟ್‌ಬಾಲ್ ಕಲಿಯೋಕೆ ಯಾರು ಬಂದರೂ ಕಲಿಸುತ್ತಿದ್ದರು. ಊರಿನವರು ತಮಾಷೆಗೆ ಅದನ್ನ ಆಶ್ರಮ ಅಂದರು. ಬರಬರುತ್ತಾ ತಮಾಷೆ ಮರೆತುಹೋಗಿ ಹೆಸರು ಉಳಿದುಕೊಂಡಿತು.

ರಾಚಪ್ಪ ಆ ಆಶ್ರಮದ ಶಿಷ್ಯ. ಹನ್ನೆರಡು ವರ್ಷ ಅಲ್ಲಿ ಮಣ್ಣು ತಿಂದವನು. ಮಂಡಿ ಕೆಟ್ಟಮೇಲೆ ಆಡೋದು ನಿಂತಿತು. ಯಾವುದಾದರೂ ಒಂದು ಟೀಮಿಗೆ ಮ್ಯಾನೇಜರ್ ಆಗಬೇಕು, ಸಾಯೋದರೊಳಗೆ ಒಂದು ಸಲವಾದರೂ ಆಗಬೇಕು ಅಂತ ಆರು ವರ್ಷ ಕಾದ.

ಆ ವರ್ಷ ಮೂಡಲಕೊಪ್ಪಲಿನ ಟೀಮು ಜಿಲ್ಲಾ ಲೀಗಿನಲ್ಲಿ ಸಾಲಾಗಿ ಐದು ಮ್ಯಾಚ್ ಸೋತಿತು. ಸಂಘದ ಸೆಕ್ರೆಟರಿ ತಮ್ಮೇಗೌಡರು, ರೈಸ್ ಮಿಲ್ ಇಟ್ಟುಕೊಂಡವರು, ಹಳೇ ಮ್ಯಾನೇಜರನ್ನ ಕರೆದು ಕಾಫಿ ಕೊಟ್ಟು ಮನೆಗೆ ಕಳಿಸಿದರು. ರಾಚಪ್ಪನಿಗೆ ಹೇಳಿಕಳಿಸಿದರು.

ರಾಚಪ್ಪ ಓಡಿಬಂದ. ಗ್ರೌಂಡಿನ ಗೇಟಿಗೆ ಬಂದರೆ ಅಲ್ಲೊಂದು ಸೇರಿನ ತುಂಬಾ ಅಕ್ಕಿ. ಮೇಲೊಂದು ಅಚ್ಚು ಬೆಲ್ಲ. ಗೇಟಿನೊಳಗೆ ತಮ್ಮೇಗೌಡರು ನಿಂತಿದ್ದರು.

"ಏನ್ ಗೌಡ್ರೇ ಇದು?"

"ಒದ್ದು ಒಳಕ್ಕೆ ಬನ್ನಿ ರಾಚಪ್ಪನೋರೇ."

"ಇದು ಹೊಸ ಸೊಸೆ ಮಾಡೋ ಶಾಸ್ತ್ರ ಅಲ್ವಾ?"

"ಮನೆಗೆ ಸೊಸೆ ಹೆಂಗೋ ಟೀಮಿಗೆ ಮ್ಯಾನೇಜರ್ ಹಂಗೆ. ಎಲ್ಲಾ ಕಾಲ್ಗುಣದ ಮೇಲೆ ನಿಂತಿದೆ ಕಣ್ರೀ. ಬಲಗಾಲು! ಮೆತ್ತಗೆ!"

ರಾಚಪ್ಪನಿಗೆ ನಾಚಿಕೆಯಾಯಿತು. ಆದರೆ ಆರು ವರ್ಷ ಕಾದ ಕೆಲಸ, ಒಂದು ಸೇರು ಅಕ್ಕಿಗೋಸ್ಕರ ಬಿಡೋಕಾಗುತ್ತಾ? ಒದ್ದ.

ಮೆತ್ತಗೆ ಒದ್ದು ಗೊತ್ತಿಲ್ಲದ ಕಾಲು ನೋಡಿ. ಸೇರು ಹಾರಿಹೋಗಿ ಗ್ರೌಂಡಿನೊಳಗೆ ಬಿತ್ತು. ಅಕ್ಕಿಯೆಲ್ಲಾ ಗೌಡರ ತಲೆ ಮೇಲೆ ಮಂತ್ರಾಕ್ಷತೆ ಆಯಿತು.

"ಶುಭ ಶಕುನ!" ಅಂತ ಗೌಡರು ತಲೆ ಕೊಡವಿಕೊಂಡರು.

ಆ ಭಾನುವಾರ ಟೀಮು ಗೆದ್ದಿತು. ಮುಂದಿನ ಭಾನುವಾರವೂ ಗೆದ್ದಿತು. ಅದರ ಮುಂದಿನದ್ದೂ, ಅದರಾಚೆಯದ್ದೂ. ನಾಲ್ಕು ಮ್ಯಾಚ್, ನಾಲ್ಕು ಗೆಲುವು.

ನಮ್ಮ ಜನ ಗೊತ್ತಲ್ಲ, ಗೆದ್ದೆತ್ತಿನ ಬಾಲ ಹಿಡಿಯೋರು. ಈ ಸಲ ಬಾಲ ಬಿಟ್ಟು ಕಾಲು ಹಿಡಿದರು. ಹೊಸ ಬೇಕರಿ ಶುರುವಾದರೆ ರಾಚಪ್ಪನೇ ಮೊದಲು ಒಳಗೆ ಕಾಲಿಡಬೇಕು. ಬೋರ್‌ವೆಲ್ ಲಾರಿ ಬಂದರೆ ಪಾಯಿಂಟಿನ ಮೇಲೆ ರಾಚಪ್ಪ ಒಂದು ನಿಮಿಷ ನಿಲ್ಲಬೇಕು. ಒಬ್ಬರು ತಮ್ಮ ಎಮ್ಮೆಗೆ ದಿನ ತುಂಬಿದೆ, ಕೊಟ್ಟಿಗೆಗೆ ಒಂದು ಸಲ ಬಂದುಹೋಗಿ ಅಂದರು. ಹೋಗಿಬಂದ ಪುಣ್ಯಾತ್ಮ.

ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಎರಡಾಳೆತ್ತರದ ರಾಚಪ್ಪ ಬಾಲಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದಾನೆ. "ಗೆಲುವಿನ ಕಾಲ್ಗುಣ ರಾಚಪ್ಪನವರಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ ಸಾಲಾಗಿ ಆಟಗಾರರ ಫೋಟೋ, ಒಂದೊಂದೂ ಚಕ್ಕುಲಿಯಷ್ಟು.

ರಾಚಪ್ಪ ದಿನಾ ಬಸ್ ಸ್ಟ್ಯಾಂಡ್ ಹಾದು ಗ್ರೌಂಡಿಗೆ ಹೋಗುತ್ತಿದ್ದ. ಹತ್ತಿರದ ದಾರಿ ಬೇರೆ ಇತ್ತು.

ಒಂದು ಬೆಳಿಗ್ಗೆ ಸನ್ಮಾನದ ಶಾಲು ಹೊದ್ದುಕೊಂಡೇ ಆಶ್ರಮಕ್ಕೆ ಬಂದ. ಮೇಷ್ಟ್ರು ಬಯಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು.

"ಅಡ್ಡಬಿದ್ದೆ ಮೇಷ್ಟ್ರೇ."

"ಬಾರಪ್ಪ ರಾಚ. ಏನ್ ಸಮಾಚಾರ?"

"ನಾನು ನಾಲ್ಕು ಮ್ಯಾಚ್ ಗೆದ್ದೆ."

"ಭಲೇ. ಯಾವ ಜಾಗದಲ್ಲಿ ಆಡ್ದೆ?"

"ನಾನೆಲ್ಲಿ ಆಡ್ಲಿ ಮೇಷ್ಟ್ರೇ, ನಾನು ಮ್ಯಾನೇಜರ್ರು."

"ಓಹೋ! ಆಡ್ದೇನೇ ಗೆದ್ದೆ."

ರಾಚಪ್ಪ ಶಾಲು ಸರಿಮಾಡಿಕೊಂಡ. "ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತ ಬಂದೆ. ಒಂದು ಟೀಮು ಗೆದ್ರೆ ಅದ್ರಲ್ಲಿ ಮ್ಯಾನೇಜರ್ ಪಾಲು ಎಷ್ಟು?"

"ನಿಮ್ಮ ಕಡೆಯೋರದ್ದು ಗ್ರೌಂಡಲ್ಲಿ ಎಷ್ಟು ಕಾಲು?"

"ಹನ್ನೊಂದು ಜನ. ಇಪ್ಪತ್ತೆರಡು ಕಾಲು."

"ನಿನ್ನವೂ ಸೇರಿಸು."

"ಇಪ್ಪತ್ನಾಲ್ಕು."

"ನಿನ್ನ ಎರಡು ಕಾಲು ಗೆರೆ ದಾಟಿ ಒಳಕ್ಕೆ ಹೋದ್ರೆ?"

"ರೆಫರಿ ಬೈದು ಆಚೆ ಕಳಿಸ್ತಾನೆ."

"ನೋಡ್ದಾ, ರೆಫರಿಗೆ ಗೊತ್ತಿದೆ" ಅಂದು ಮೇಷ್ಟ್ರು ಇನ್ನೊಂದು ಕಳೆ ಕಿತ್ತರು.

ರಾಚಪ್ಪನಿಗೆ ಒಪ್ಪಿಗೆಯಾಗಲಿಲ್ಲ. "ಹಂಗಾದ್ರೆ ಹಳೇ ಮ್ಯಾನೇಜರ್ ಇದ್ದಾಗ ಐದೂ ಸೋತಿದ್ದು ಯಾಕೆ? ಇದೇ ಹುಡುಗರು, ಇದೇ ಕಾಲು."

"ಯಾರ್ಯಾರ ಮೇಲೆ ಸೋತ?"

"ಎಲ್ಲಾ ಗಟ್ಟಿ ಟೀಮುಗಳೇ ಅನ್ನಿ."

"ನೀನು ಗೆದ್ದಿದ್ದು?"

ರಾಚಪ್ಪ ಹೊಳೆ ಕಡೆ ನೋಡಿದ. "ಒಂದು ಬ್ಯಾಂಕ್ ನೌಕರರ ಟೀಮು. ಅರ್ಧ ಜನ ಪೆನ್ಷನ್ ಹತ್ರ ಇದ್ರು."

"ಇನ್ನೊಂದು?"

"ಇನ್ನೊಂದು ಟೀಮಿನೋರ ವ್ಯಾನ್ ದಾರೀಲಿ ಕೆಟ್ಟು ಎಂಟೇ ಜನ ಬಂದಿದ್ರು."

ಮೇಷ್ಟ್ರು ಮಿಕ್ಕ ಎರಡನ್ನ ಕೇಳಲಿಲ್ಲ. ಅಷ್ಟು ದಯೆ ಅವರಿಗಿತ್ತು.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ನಿಮ್ಮೂರಿನೋರು ಕಾಗೆಗೆ ಶಾಲು ಹೊದಿಸವ್ರೆ."

ರಾಚಪ್ಪನಿಗೆ ಸಿಟ್ಟು ಬಂತು. ಕಾಫಿಗೂ ನಿಲ್ಲದೆ ಹೊರಟ. ಮೇಷ್ಟ್ರಿಗೆ ವಯಸ್ಸಾಯ್ತು, ಶಿಷ್ಯ ಮೇಲೆ ಬಂದರೆ ಸಹಿಸಲ್ಲ, ಅಂತ ದಾರಿಯುದ್ದಕ್ಕೂ ಗೊಣಗಿದ. ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತು ಫ್ಲೆಕ್ಸ್ ನೋಡಿದ ಮೇಲೆ ಸಮಾಧಾನವಾಯಿತು.

ಆ ಭಾನುವಾರ ಟೀಮು ಸೋತಿತು.

ಮುಂದಿನ ಭಾನುವಾರವೂ ಸೋತಿತು. ಮೂರನೇದರಲ್ಲಿ ನಾಲ್ಕು ಗೋಲು ತಿಂದು ಸೋತಿತು.

ಹೊಗಳಿದ ಬಾಯಿಗಳು ತಿರುಗೋಕೆ ಎಷ್ಟು ಹೊತ್ತು? ಬೋರ್‌ವೆಲ್ಲಿನಲ್ಲಿ ಬರೀ ಧೂಳು ಬಂದದ್ದು ಈಗ ರಾಚಪ್ಪನ ಕಾಲಿಗೆ ಸುತ್ತಿಕೊಂಡಿತು. ಬೇಕರಿಯವನು ಬಾಗಿಲಲ್ಲಿ ಅವನನ್ನ ಕಂಡರೆ "ಅಲ್ಲೇ ಇರಿ ಅಣ್ಣ, ಬನ್ನು ನಾನೇ ತಂದ್ಕೊಡ್ತೀನಿ" ಅನ್ನತೊಡಗಿದ. ಎಮ್ಮೆಯೊಂದೇ ಮರ್ಯಾದೆ ಉಳಿಸಿತು, ಹೆಣ್ಣು ಕರು ಹಾಕಿತು.

ರಾಚಪ್ಪ ಪಾಪ ಏನೇನು ಮಾಡಲಿಲ್ಲ! ಒಂದು ವಾರ ಎಡಗಾಲಿಟ್ಟು ಗ್ರೌಂಡಿಗೆ ಬಂದ. ಒಂದು ವಾರ ಗೆದ್ದಾಗಿನ ಸಾಕ್ಸನ್ನೇ ಒಗೆಯದೆ ಹಾಕಿಕೊಂಡ; ಪಕ್ಕ ಕೂತವರೆಲ್ಲ ಎದ್ದುಹೋದರು. ಮೂರನೇ ವಾರ ಯಾವ ಕಾಲು ಮುಂದಿಡಲಿ ಅಂತ ಗೇಟಿನಲ್ಲೇ ಕಾಲು ಗಂಟೆ ನಿಂತಿದ್ದ. ಒಳಗೆ ಹುಡುಗರು ತಮ್ಮಷ್ಟಕ್ಕೆ ತಾವೇ ಓಡಿ, ತಮ್ಮಷ್ಟಕ್ಕೆ ತಾವೇ ಶರಟು ಹಾಕಿಕೊಂಡು, ತಮ್ಮಷ್ಟಕ್ಕೆ ತಾವೇ ಸೋತರು.

ತಮ್ಮೇಗೌಡರು ಅವನನ್ನ ಮಿಲ್ಲಿಗೆ ಕರೆಸಿದರು. ಕಾಫಿ ಬಂತು. ಕಾಫಿ ನೋಡಿದ ಕೂಡಲೇ ರಾಚಪ್ಪನಿಗೆ ಹಳೇ ಮ್ಯಾನೇಜರ್ ನೆನಪಾದ.

"ಬೇಜಾರು ಮಾಡ್ಕೋಬೇಡಿ ರಾಚಪ್ಪನೋರೇ. ಕಾಲ್ಗುಣ ಅನ್ನೋದು ಟಾರ್ಚಿನ ಸೆಲ್ಲಿದ್ದಂಗೆ. ಮುಗೀತದೆ."

"ಇನ್ನೊಂದು ಅವಕಾಶ ಕೊಡಿ ಗೌಡ್ರೇ."

"ಬರೋ ಭಾನುವಾರ ಸಕ್ಕರೆ ಕಾರ್ಖಾನೆ ಟೀಮಿನ ಮೇಲೆ ಮ್ಯಾಚು. ಅವರು ಈ ವರ್ಷ ಒಂದೂ ಸೋತಿಲ್ಲ. ನೀವು ಸೋತ್ರೆ ನಾವು ಬೇರೆ ಕಾಲು ನೋಡ್ತೀವಿ."

ಬುಧವಾರ ಮಧ್ಯಾಹ್ನ ರಾಚಪ್ಪ ಆಶ್ರಮಕ್ಕೆ ಬಂದ. ಈ ಸಲ ಶಾಲು ಇರಲಿಲ್ಲ.

"ಮೇಷ್ಟ್ರೇ, ನನ್ನ ಕೆಲಸ ಹೋಗುತ್ತೆ."

"ಊಟ ಆಯ್ತಾ?"

"ಊಟ ಯಾರಿಗೆ ಬೇಕು ಮೇಷ್ಟ್ರೇ! ಭಯ ಆಗ್ತಿದೆ ನಂಗೆ. ಇದು ಹೋದ್ರೆ ಇನ್ಯಾವ ಟೀಮೂ ನನ್ನ ಕರಿಯಲ್ಲ. ಕೆಟ್ಟ ಕಾಲಿನೋನು ಅಂತ ಜಿಲ್ಲೆಗೆಲ್ಲಾ ಗೊತ್ತಾಗುತ್ತೆ." ಹೇಳುತ್ತಾ ಹೇಳುತ್ತಾ ಅಂಗಿ ತೋಳಿನಲ್ಲಿ ಕಣ್ಣೊರೆಸಿಕೊಂಡ.

ಮೇಷ್ಟ್ರು ಈ ಸಲ ನಗಲಿಲ್ಲ. ತಟ್ಟೆ ಇಟ್ಟು, ಮುದ್ದೆ ಹಾಕಿ, ಬಸ್ಸಾರು ಬಿಟ್ಟರು. "ಉಣ್ಣು. ಹೊಟ್ಟೆ ಹಸ್ಕೊಂಡು ಅತ್ರೆ ಸರಿಯಾಗಿ ಅಳೋಕೂ ಆಗಲ್ಲ."

ರಾಚಪ್ಪ ಉಂಡ. ಎರಡನೇ ಮುದ್ದೆಗೂ ಬೇಡ ಅನ್ನಲಿಲ್ಲ.

"ಈಗ ಹೇಳು. ಯಾಕೆ ಸೋತ್ರಿ?"

"ಒಂದು ಕಡೆ ಗ್ರೌಂಡಲ್ಲಿ ಗುಂಡಿ. ಒಂದು ಕಡೆ ರೆಫರಿ ಅವರ ಕಡೆಯೋನು."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಗೋಲುಗಳು ಯಾವ ಕಡೆಯಿಂದ ಬಂದ್ವು?"

"ಯಾವ ಕಡೆ ಅಂದ್ರೆ... ಎದುರುಗಡೆಯಿಂದ."

"ಎಡಗಡೆಯಿಂದಲೋ ಬಲಗಡೆಯಿಂದಲೋ ಅಂತ ಕೇಳ್ದೆ."

ರಾಚಪ್ಪ ತಟ್ಟೆ ನೋಡಿದ. ಮೂರು ಮ್ಯಾಚಿನಲ್ಲಿ ಎಂಟು ಗೋಲು ತಿಂದಿದ್ದರು. ಒಂದೂ ಎಲ್ಲಿಂದ ಬಂತು ಅಂತ ಅವನಿಗೆ ನೆನಪಿರಲಿಲ್ಲ. ಆಗೆಲ್ಲಾ ಅವನು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದ.

"ಗೊತ್ತಿಲ್ಲ ಮೇಷ್ಟ್ರೇ" ಅಂದ. ನಿಜ ಹೇಳಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

"ನಾಳೆ ಬೆಳಿಗ್ಗೆ ಹುಡುಗರನ್ನೆಲ್ಲಾ ಇಲ್ಲಿಗೆ ಕರ್ಕೊಂಡು ಬಾ."

ಗುರುವಾರ ಬೆಳಿಗ್ಗೆ ಟೀಮೆಲ್ಲಾ ಬಂತು. ಮೇಷ್ಟ್ರು ಅವರನ್ನ ಎರಡು ಭಾಗ ಮಾಡಿ ಬಾಲು ಕೊಟ್ಟರು. ರಾಚಪ್ಪನನ್ನ ಕರೆದುಕೊಂಡು ಹೋಗಿ ಹೊಳೆಯ ಒಗೆಯೋ ಕಲ್ಲಿನ ಮೇಲೆ ಕೂರಿಸಿದರು. ನೀರಿನ ಕಡೆ ಮುಖ, ಬಯಲಿನ ಕಡೆ ಬೆನ್ನು.

"ತಿರುಗಿ ನೋಡಿದ್ರೆ ಕಿವಿ ಹಿಂಡ್ತೀನಿ."

"ನೋಡ್ದೆ ಮ್ಯಾನೇಜರ್ ಕೆಲಸ ಹೆಂಗ್ ಮಾಡ್ಲಿ ಮೇಷ್ಟ್ರೇ?"

"ಇಷ್ಟು ದಿನ ನೋಡ್ಕೊಂಡು ಏನ್ ಕಡಿದು ಕಟ್ಟೆ ಹಾಕ್ದೆ? ಕೂತ್ಕೋ."

ಮೇಷ್ಟ್ರು ಸೀಟಿ ಊದಿದರು. ಆಟ ಶುರುವಾಯಿತು.

ಮೊದಲು ರಾಚಪ್ಪನಿಗೆ ನೀರಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒದೆತದ ಸದ್ದು ಬೇರೆ, ಓಟದ ಸದ್ದು ಬೇರೆ ಆಯಿತು. ಆಮೇಲೆ ದನಿಗಳು ಒಂದೊಂದಾಗಿ ಗುರುತು ಸಿಕ್ಕವು.

"ಏನ್ ಕೇಳ್ತು?" ಮೇಷ್ಟ್ರು ಹಿಂದೆ ಬಂದು ನಿಂತರು.

"ಗೋಲ್‌ಕೀಪರ್ ಅಫ್ಸರ್ ಬಾಯಿ ಮುಚ್ಚಲ್ಲ. ಫಾರ್ವರ್ಡ್ ಆರೋಗ್ಯರಾಜ ಇಲ್ಲಿ ಕೊಡ್ರೋ, ಇಲ್ಲಿ ಕೊಡ್ರೋ ಅಂತಾನೇ ಇದಾನೆ."

"ಇನ್ನೂ ಕೇಳು."

ಬಿಸಿಲೇರಿತು. ರಾಚಪ್ಪನ ಬೆನ್ನು ಕಾದಿತು. ಬಲಗಡೆ ಬಾಲು ಹೋದಾಗಲೆಲ್ಲಾ ಸಂತೆ ಗದ್ದಲ. "ನಂದು ನಂದು ಬಿಡು!" "ಹಿಂದೆ ಬಂದ ನೋಡೋ!" "ಟೈಮಿದೆ, ನಿಧಾನ!" ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಬಾಲು ಎಡಗಡೆ ಹೋದರೆ ಗಪ್‌ಚಿಪ್. ಒಂದು ಒದೆತ, ಎರಡು ಹೆಜ್ಜೆ, ಆಮೇಲೆ ಯಾರೋ ಬೈದುಕೊಂಡ ಸದ್ದು.

ಒಂದು ಸಲ ಹಾಗಾಯಿತು. ಇನ್ನೊಂದು ಸಲ. ಮೂರನೇ ಸಲಕ್ಕೆ ರಾಚಪ್ಪ ಕಲ್ಲಿನ ಮೇಲೆ ಎದ್ದು ನಿಂತ.

"ಮೇಷ್ಟ್ರೇ! ಎಡಗಡೆ ಯಾರೂ ಕೂಗ್ತಾ ಇಲ್ಲ!"

"ಅಲ್ಲಿ ಯಾರು ಕೂಗ್ಬೇಕು?"

"ಲೆಫ್ಟ್ ಬ್ಯಾಕು. ಚಿಕ್ಕಲಿಂಗ. ಅವನಿಗೆ ಹಿಂದಿನಿಂದ ಎಲ್ಲಾ ಕಾಣುತ್ತೆ. ಅವನು ಕೂಗದಿದ್ರೆ ಮುಂದಿರೋರು ಕಣ್ಣು ಕಟ್ಟಿದಂಗೆ ಆಡ್ಬೇಕು."

"ಯಾವತ್ತಿಂದ ಕೂಗ್ತಿಲ್ಲ?"

"ಗೊತ್ತಿಲ್ಲ."

"ಯಾರಿಗೆ ಗೊತ್ತಿರ್ಬೇಕಿತ್ತು?"

ರಾಚಪ್ಪ ಕಲ್ಲಿನಿಂದ ಇಳಿದು ಬಯಲಿಗೆ ನಡೆದ. ಮೇಷ್ಟ್ರು ಕಿವಿ ಹಿಂಡಲಿಲ್ಲ.

ಚಿಕ್ಕಲಿಂಗ ನಲ್ಲಿ ಹತ್ತಿರ ನೀರು ಕುಡಿಯುತ್ತಿದ್ದ. ಮೂವತ್ತರ ಆಸುಪಾಸಿನ ಮನುಷ್ಯ. ವಾರವೆಲ್ಲಾ ಲಗೇಜ್ ಆಟೋ ಓಡಿಸಿ ಭಾನುವಾರ ಆಡುವವನು. ಯಾರ ತಂಟೆಗೂ ಹೋಗುವವನಲ್ಲ.

"ಚಿಕ್ಕಲಿಂಗ, ನೀನು ಗ್ರೌಂಡಲ್ಲಿ ಮಾತೇ ಆಡ್ತಿಲ್ವಲ್ಲೋ."

"ಹಂಗೇನಿಲ್ಲ ಅಣ್ಣ."

"ಹಂಗೇ ಇದೆ. ನಾನು ಕೇಳಿಸ್ಕೊಂಡೆ. ಯಾರ ಜೊತೆನಾದ್ರೂ ಜಗಳಾನಾ?"

"ಇಲ್ಲಣ್ಣ."

"ಮನೇಲಿ ಏನಾದ್ರೂ ತೊಂದ್ರೇನಾ?"

ಚಿಕ್ಕಲಿಂಗ ನಲ್ಲಿ ನಿಲ್ಲಿಸಿದ. ನಿಂತ ನಲ್ಲಿಯನ್ನ ಮತ್ತೊಂದು ಸಲ ತಿರುಗಿಸಿದ.

"ಹೇಳೋ ಮಾರಾಯ. ಬೈಕೊಂಡ್ರೂ ಪರವಾಗಿಲ್ಲ."

"ಬಸ್ ಸ್ಟ್ಯಾಂಡಲ್ಲಿ ಫ್ಲೆಕ್ಸ್ ಇದೆಯಲ್ಲ ಅಣ್ಣ."

"ಹೂಂ."

"ಅದ್ರಲ್ಲಿ ನಾನೆಲ್ಲಿದೀನಿ ಹೇಳಿ."

ರಾಚಪ್ಪ ನೆನೆಸಿಕೊಂಡ. ದಿನಾ ನೋಡಿದ ಫ್ಲೆಕ್ಸು. ತನ್ನ ಮುಖ ನೆನಪಿತ್ತು, ಮೀಸೆ ನೆನಪಿತ್ತು, ಅಂಗಿಯ ಗುಂಡಿ ಎಷ್ಟು ಅಂತ ಕೂಡ ಹೇಳಬಲ್ಲವನಾಗಿದ್ದ. ಕೆಳಗಿನ ಸಾಲು ಕಣ್ಣಿಗೆ ಬರಲೇ ಇಲ್ಲ.

"ನೀವು ಬಾಲಿನ ಮೇಲೆ ಕಾಲಿಟ್ಟಿದೀರಲ್ಲ" ಅಂದ ಚಿಕ್ಕಲಿಂಗ. "ಆ ಬಾಲು ಹತ್ತು ಜನರ ಫೋಟೋ ಪಕ್ಕ ಬಂದಿದೆ. ನಿಮ್ಮ ಇನ್ನೊಂದು ಕಾಲು ನನ್ನ ಮುಖದ ಮೇಲಿದೆ. ಶೂ ಕೆಳಗಡೆ ನನ್ನ ಕಿವಿಯೊಂದು ಕಾಣುತ್ತೆ, ಅಷ್ಟೇ."

ರಾಚಪ್ಪ ಬಗ್ಗಿ ತನ್ನ ಶೂ ನೋಡಿಕೊಂಡ.

"ನನ್ನ ಮಗಳು ದಿನಾ ಅಲ್ಲೇ ಸ್ಕೂಲ್ ಬಸ್ ಹತ್ತೋದು. ಅಪ್ಪಾ, ಎಲ್ಲಾರೂ ಇದಾರೆ, ನೀನೆಲ್ಲಿದೀಯಾ ಅಂತ ಕೇಳ್ತಾಳೆ. ಮ್ಯಾನೇಜರ್ ಮಾಮನ ಶೂ ಕೆಳಗಿದೀನಿ ಕಣಮ್ಮ ಅಂತ ಹೆಂಗ್ ಹೇಳ್ಲಿ? ರಜ ಹಾಕಿದ್ದೆ ಅಂದೆ."

"ನನಗ್ಯಾಕೋ ಹೇಳ್ಲಿಲ್ಲ?"

"ಏನಂತ ಹೇಳೋದಣ್ಣ, ಚಿಕ್ಕ ವಿಷಯ. ಬೇಕೂಂತ ಸುಮ್ಮನಿದೀನಿ ಅನ್ಕೋಬೇಡಿ. ಕೂಗೋಣ ಅಂತಾನೇ ಹೋಗ್ತೀನಿ. ಬಾಯೇ ಬರಲ್ಲ."

ನಮ್ಮಲ್ಲಿ ಒಂದು ರೂಢಿ ಇದೆ, ನಿಮಗೂ ಗೊತ್ತು. ಬಸ್ಸಿನಲ್ಲಿ, ಪಂಕ್ತಿಯಲ್ಲಿ, ಎಲ್ಲಾದರೂ ಸರಿ, ಅಪ್ಪಿತಪ್ಪಿ ಯಾರಿಗಾದರೂ ಕಾಲು ತಾಗಿದರೆ ತಕ್ಷಣ ಬಗ್ಗಿ ಅವರನ್ನ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ದೊಡ್ಡವರು ಚಿಕ್ಕವರು ಅಂತ ನೋಡಲ್ಲ. ಅದು ಯೋಚನೆ ಮಾಡಿ ಮಾಡೋದಲ್ಲ, ಕೈ ತಾನಾಗೇ ಹೋಗುತ್ತೆ.

ರಾಚಪ್ಪನ ಕೈ ತಾನಾಗೇ ಹೋಯಿತು. ಚಿಕ್ಕಲಿಂಗನ ಕೆನ್ನೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಹಾಗೆ ಮಾಡುವಾಗ ಅವನ ಕಣ್ಣಲ್ಲಿ ನೀರು ಬಂ‌ದಿತ್ತು.

"ಅಯ್ಯಯ್ಯೋ, ಏನಣ್ಣ ಇದು, ಬಿಡಿ ಬಿಡಿ!" ಅಂತ ಚಿಕ್ಕಲಿಂಗ ಹಿಂದಕ್ಕೆ ಸರಿದ. ಸರಿದವನು ನಲ್ಲಿಗೆ ಡಿಕ್ಕಿ ಹೊಡೆದ. ಉಳಿದವರೆಲ್ಲಾ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಮೂರು ವಾರದ ಮೇಲೆ ನಕ್ಕ.

ರಾಚಪ್ಪ ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋದ. ಏಣಿ ಹಾಕಿ ಫ್ಲೆಕ್ಸ್ ಬಿಚ್ಚತೊಡಗಿದ. ಸುದ್ದಿ ಮುಟ್ಟಿ ತಮ್ಮೇಗೌಡರು ಸ್ಕೂಟರಿನಲ್ಲಿ ಬಂದಿಳಿದರು.

"ರಾಚಪ್ಪನೋರೇ! ಭಾನುವಾರ ಮ್ಯಾಚ್ ಇಟ್ಕೊಂಡು ಅದೃಷ್ಟ ಕಿತ್ತುಹಾಕ್ತೀರಲ್ರೀ!"

"ನನ್ನ ಕಾಲು ತಪ್ಪು ಜಾಗದಲ್ಲಿದೆ ಗೌಡ್ರೇ. ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ."

ಗೌಡರು ಏಣಿ ಹಿಡಿದುಕೊಂಡು ಬೈದರು. ಬೈಯುತ್ತಲೇ ಬಿಡದೆ ಹಿಡಿದುಕೊಂಡರು, ಅದನ್ನೂ ಹೇಳಬೇಕು. ಫ್ಲೆಕ್ಸ್ ಹಾಳಾಗಲಿಲ್ಲ. ಚಿಕ್ಕಲಿಂಗನ ಲಗೇಜ್ ಆಟೋಗೆ ಒಳ್ಳೇ ಹೊದಿಕೆಯಾಯಿತು. ರಾಚಪ್ಪನ ಮುಖ ಒಳಮಗ್ಗುಲಿಗೆ, ಈರುಳ್ಳಿ ಮೂಟೆಗಳ ಮೇಲೆ.

ಶುಕ್ರವಾರ, ಶನಿವಾರ ಎರಡು ದಿನವೂ ಪ್ರಾಕ್ಟೀಸು ಆಶ್ರಮದಲ್ಲೇ. ಇಬ್ಬಿಬ್ಬರನ್ನ ಕೂರಿಸಿಕೊಂಡು ರಾಚಪ್ಪ ಮಾತಾಡಿಸಿದ. ಮಾತಾಡಿಸಿದ ಅನ್ನೋದಕ್ಕಿಂತ ಅವರು ಮಾತಾಡಿದರು, ಇವನು ಬೈಸಿಕೊಂಡ.

"ಸಂಜೆ ಬಿಸಿಲು ಕಣ್ಣಿಗೆ ಹೊಡೀತದೆ ಅಂತ ಮೂರು ವಾರದಿಂದ ಹೇಳ್ತಾ ಇದೀನಿ" ಅಂದ ಗೋಲ್‌ಕೀಪರ್ ಅಫ್ಸರ್.

"ಯಾರಿಗೆ ಹೇಳ್ದೆ?"

"ನಿಮಗೇ ಅಣ್ಣ. ನೀವು ಎಡಗಾಲೋ ಬಲಗಾಲೋ ಅಂತ ಯೋಚನೆ ಮಾಡ್ತಾ ಇದ್ರಿ."

ಆರೋಗ್ಯರಾಜನಿಗೆ ಹಿಮ್ಮಡಿ ನೋವು. ಇಡೀ ಮ್ಯಾಚ್ ಓಡೋಕಾಗಲ್ಲ, ಅರ್ಧ ಆಡ್ತೀನಿ ಅಂತ ಹೇಳೋಕೆ ಹೆದರಿ ಮೂರು ಮ್ಯಾಚ್ ಕುಂಟಿಕೊಂಡು ಆಡಿದ್ದ. ರಾಚಪ್ಪ ಎಲ್ಲಾ ಒಂದು ಚೀಟಿಯಲ್ಲಿ ಬರೆದುಕೊಂಡ. ಮೇಷ್ಟ್ರು ದೂರದಲ್ಲಿ ಕಳೆ ಕೀಳುತ್ತಾ ಇದ್ದರು.

ಭಾನುವಾರ ಬಂತು.

ಮೇಷ್ಟ್ರು ಮ್ಯಾಚಿಗೆ ಹೋಗುವವರಲ್ಲ. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿ, ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬಿಸಿಲು ಇನ್ನೂ ಹೊಳೆಯ ಮೇಲಿತ್ತು. ದಾರಿಯಲ್ಲಿ ರಾಚಪ್ಪ ಓಡಿಬರುತ್ತಿರುವುದು ಕಂಡಿತು. ಕೆಟ್ಟ ಮಂಡಿಯಲ್ಲಿ ಒಂದು ಥರಾ ಕುಪ್ಪಳಿಸಿಕೊಂಡು ಓಡಿಬರುತ್ತಿದ್ದ. ಗೆದ್ದು ಬರುತ್ತಿದ್ದಾನೋ ಸೋತು ಬರುತ್ತಿದ್ದಾನೋ ಆ ಓಟ ನೋಡಿದರೆ ಹೇಳುವ ಹಾಗಿರಲಿಲ್ಲ.

"ಏನಾಯ್ತೋ?"

"ಮೇಷ್ಟ್ರೇ... ಅಯ್ಯಪ್ಪಾ... ನೀರು ಕೊಡಿ."

ನೀರು ಕುಡಿದ. ಅರ್ಧ ಅಂಗಿ ಮೇಲೆ ಚೆಲ್ಲಿಕೊಂಡ.

"ಚಿಕ್ಕಲಿಂಗ ಕೂಗಿದ ಮೇಷ್ಟ್ರೇ! ಏನ್ ಕೂಗು ಅಂತೀರಿ! ಬಸ್ ಕಂಡಕ್ಟರ್ ಸೋಲ್ಬೇಕು! ಹಿಂದೆ ಬಂದ, ಬಲಕ್ಕೆ ಕೊಡು, ನಿಂತ್ಕೋ, ಬಿಡು ನಂದು. ಅವನ ಮಗಳು ಗೆರೆ ಪಕ್ಕ ನಿಂತು ಅಪ್ಪ ಕೂಗಿದಂಗೆಲ್ಲಾ ತಾನೂ ಕೂಗ್ತಿದ್ಳು. ರೆಫರಿಗೇ ಗೊಂದಲ ಆಗೋಯ್ತು."

"ಆಮೇಲೆ?"

"ಕಾರ್ಖಾನೆಯೋರು ಮೊದಲು ಒಂದು ಹೊಡೆದ್ರು. ಅದ್ಭುತವಾಗಿ ಹೊಡೆದ್ರು, ಅದಕ್ಕೆ ಯಾರೂ ಏನೂ ಮಾಡೋಕಾಗ್ತಿರಲಿಲ್ಲ. ಆರೋಗ್ಯರಾಜ ಬೆಂಚಲ್ಲಿ ಕೂತಿದ್ದೋನು ಸೆಕೆಂಡ್ ಹಾಫಿಗೆ ಬಂದ. ಹಿಮ್ಮಡಿಗೆ ಎಣ್ಣೆ ತಿಕ್ಕೊಂಡು ಬಂದಿದ್ದ ಮೇಷ್ಟ್ರೇ, ಘಮ್ ಅಂತಿತ್ತು. ಬಂದ ಎರಡೇ ನಿಮಿಷಕ್ಕೆ ಚಿಕ್ಕಲಿಂಗ ಎಡಗಡೆಯಿಂದ ಒಂದು ಬಾಲು ಎತ್ತಿ ಕೊಟ್ಟ. ತಲೆ ಕೊಟ್ಟ ನೋಡಿ ಆರೋಗ್ಯರಾಜ! ನೆಟ್ ಕಿತ್ಕೊಂಡು ಹೋಗ್ಬೇಕಿತ್ತು!"

"ಒಂದಕ್ಕೆ ಒಂದು."

"ಒಂದಕ್ಕೊಂದು. ಆಮೇಲೆ ಅವರು ಇನ್ನೊಂದು ಹೊಡೆದ್ರು. ಆಮೇಲೆ ನಮ್ಮ ಹುಡುಗರ ಲೆಕ್ಕಕ್ಕೂ ಇನ್ನೊಂದು. ಯಾರು ಹೊಡೆದಿದ್ದು ಹೇಳಿ ನೋಡೋಣ?"

"ನಾನೇನ್ ಅಲ್ಲಿದ್ನಾ?"

"ಅವರ ಕಡೆಯೋನೇ! ತಮ್ಮ ಗೋಲಿಗೆ ತಾನೇ! ಚಿಕ್ಕಲಿಂಗ ಬಿಡು ನಂದು ಅಂತ ಕೂಗಿದ್ದಕ್ಕೆ ಅವರ ಡಿಫೆಂಡರ್ ಗಾಬರಿಯಾಗಿ ಒದ್ದೇಬಿಟ್ಟ!"

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಅವರೆಕಾಳು ಜಗಲಿ ತುಂಬಾ ಉರುಳಿತು. ರಾಚಪ್ಪ ಮಂಡಿಯೂರಿ ಆಯುತ್ತಾ ಮಾತು ಮುಂದುವರಿಸಿದ.

"ಎರಡಕ್ಕೆರಡು ಡ್ರಾ ಮೇಷ್ಟ್ರೇ. ಒಂದೂ ಸೋಲದ ಟೀಮಿನ ಮೇಲೆ ಡ್ರಾ!"

"ಅಂದ್ರೆ ಗೆಲ್ಲಲಿಲ್ಲ. ನಿಮ್ಮ ಗೌಡ್ರು ಏನಂದ್ರು?"

"ಅಯ್ಯೋ, ಗೌಡ್ರಿಗೆ ತಲೆ ಕೆಟ್ಟೋಗಿದೆ. ಗೆದ್ರೆ ಒಳ್ಳೇ ಕಾಲ್ಗುಣ, ಸೋತ್ರೆ ಕೆಟ್ಟ ಕಾಲ್ಗುಣ, ಡ್ರಾ ಆದ್ರೆ ಏನು ಅಂತ ಜೋಯಿಸರನ್ನ ಕೇಳೋಕೆ ಹೋದ್ರು. ಸೋಲದೇ ಇದ್ದಿದ್ರಿಂದ ಸದ್ಯಕ್ಕೆ ಇದೇ ಕಾಲು ಇರ್ಲಿ ಅಂದ್ರು. ಅದಿರ್ಲಿ ಬಿಡಿ. ಅಫ್ಸರ್ದು ಹೇಳ್ಲೇ ಇಲ್ಲ ನೋಡಿ!"

"ಹೇಳು."

"ಟೋಪಿ ಹಾಕ್ಕೊಂಡು ನಿಂತಿದ್ದ. ಕೊನೇ ನಿಮಿಷ, ಬಿಸಿಲು ನೆಟ್ಟಗೆ ಮುಖಕ್ಕೆ. ಕಾರ್ಖಾನೆಯೋನು ಹತ್ತು ಮಾರು ದೂರದಿಂದ ಒದ್ದ. ಎಲ್ಲಾ ಮುಗೀತು ಅಂತ ಜನ ಎದ್ದೇ ಬಿಟ್ರು. ಅಫ್ಸರ್ ಹಾರಿದ ಮೇಷ್ಟ್ರೇ. ಟೋಪಿ ಒಂದು ಕಡೆ, ಅಫ್ಸರ್ ಒಂದು ಕಡೆ, ಬಾಲು ಅವನ ಎರಡು ಬೆರಳಿಗೆ ತಾಗಿ ಆಚೆ ಹೋಯ್ತು. ಎರಡೇ ಬೆರಳು! ಚಿಕ್ಕಲಿಂಗ ಅವನನ್ನ ಎತ್ಕೊಂಡು ಕುಣಿದ. ಆರೋಗ್ಯರಾಜ ಇಬ್ಬರನ್ನೂ ಎತ್ತೋಕೆ ಹೋಗಿ ಮೂವರೂ ಬಿದ್ರು."

ಹೀಗೇ ಹೇಳಿದ. ಬಲಗಡೆಯ ಹುಡುಗ ಹೇಗೆ ಓಡಿದ, ನೀರು ಕೊಡೋನು ಹೇಗೆ ಅತ್ತ, ಕಾರ್ಖಾನೆ ಟೀಮಿನ ಕ್ಯಾಪ್ಟನ್ನು ಬಂದು ಚಿಕ್ಕಲಿಂಗನ ಗಂಟಲಿಗೆ ಕೈಮುಗಿದದ್ದು ಹೇಗೆ, ಎಲ್ಲಾ ಹೇಳಿದ. ಎದ್ದು ನಿಂತು ಆಡಿ ತೋರಿಸಿದ. ಹಗ್ಗದ ಮೇಲಿನ ಬಟ್ಟೆ ಒಣಗಿತು. ಅವರೆಕಾಯಿ ಬುಟ್ಟಿ ಬರಿದಾಯಿತು. ಹೇಳಿ ಹೇಳಿ ದಣಿದು ಕೊನೆಗೆ ಜಗಲಿ ಕಂಬಕ್ಕೊರಗಿ ಕೂತ.

ಮೇಷ್ಟ್ರು ಸಿಪ್ಪೆಯನ್ನೆಲ್ಲಾ ಗೋರಿ ಒಂದು ಕಡೆ ಹಾಕಿದರು. ಕೈ ಒರೆಸಿಕೊಂಡು ಶಿಷ್ಯನ ಮುಖ ನೋಡಿದರು.

"ಎಲ್ಲಾ ಸರಿ ಕಣೋ ರಾಚ. ಎಲ್ಲಾರ ಕಥೇನೂ ಹೇಳ್ದೆ. ಮ್ಯಾಚಿಗೆ ನೀನೂ ಹೋಗಿದ್ದೆ ತಾನೆ?"